ದೀಪ ಹಚ್ಚಿದ ಮೇಲಿನ ಕಸ

ಇವತ್ತು ಬೆಳಿಗ್ಗೆ ಅತ್ತೆಯನ್ನು ರಕ್ತ ಪರೀಕ್ಷೆಗೆಂದು ಬಜಾರಿನ ಬೀದಿಯ ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಆಗಾಗ ಹೋಗುವುದುಂಟು. ಸಕ್ಕರೆ ಎಷ್ಟಿದೆ ಎಂದು ತಿಳಿಯುವ ಆಸೆ ಅತ್ತೆಗೆ ಅಷ್ಟಾಗಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದೆನಲ್ಲ ಎಂಬ ನೆಪದಲ್ಲಿ ಹೋಟೆಲಿನ ಸೆಟ್ ದೋಸೆ ತಿನ್ನಬಹುದು ಎಂಬುದು ಅವರ ಲೆಕ್ಕಾಚಾರ. ಲ್ಯಾಬಿನ ಹುಡುಗಿ ಹತ್ತಿಯ ಉಂಡೆಗೆ ಸ್ಪಿರಿಟ್ ಹಾಕಿ ಅವರ ತೋಳಿಗೆ ಒತ್ತಿದಳು. ಅತ್ತೆ ಮೂಗು ಅರಳಿಸಿದರು.

"ಏ ಹುಡುಗಿ, ಇದು ನಮ್ಮ ಗಿರಿಜಳ ವಾಸನೆ ಕಣೇ!"

ಐವತ್ತು ದಾಟಿದ ನನ್ನನ್ನು ಅತ್ತೆ ಇಂದಿಗೂ 'ಏ ಹುಡುಗಿ' ಎಂದೇ ಕರೆಯುವುದು. ಲ್ಯಾಬಿನ ಹುಡುಗಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ತನ್ನನ್ನೇ ಕರೆದರೆಂದು ತಲೆಯೆತ್ತಿ, "ಯಾರಜ್ಜಿ ಗಿರಿಜ?" ಎಂದು ಕೇಳಿದಳು. "ನನ್ನ ಮಗಳು. ಮನೆಯೆಲ್ಲ ಇದೇ ವಾಸನೆ ಹೊಡೀತಿತ್ತು ಅವಳಿದ್ದಾಗ" ಎಂದರು ಅತ್ತೆ. ಹುಡುಗಿ ನನ್ನ ಕಡೆ ನೋಡಿದ ನೋಟದಲ್ಲಿ ಬಹಳ ಕರುಣೆಯಿತ್ತು. ನಮ್ಮ ಮನೆಯ ಹೆಣ್ಣುಮಗಳೊಬ್ಬಳು ಕುಡಿತಕ್ಕೆ ಬಿದ್ದಿದ್ದಾಳೆ ಎಂದುಕೊಂಡಿರಬೇಕು. ತಿದ್ದೋಣವೆಂದರೆ ಕಡಜದಿಂದ ಶುರುಮಾಡಬೇಕು. ಬಾಗಿಲವರೆಗೂ ಜನ ಕಾಯುತ್ತಿದ್ದರು. ಸುಮ್ಮನೆ ಎದ್ದು ಬಂದೆ. ಆ ಹುಡುಗಿಗೆ ಹೇಳಲಾಗದ್ದನ್ನು ನಿಮಗಾದರೂ ಹೇಳುತ್ತೇನೆ.

ಗಿರಿಜ ನನ್ನ ನಾದಿನಿ. ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾಳೆ. ಈ ಕಥೆ ನಡೆದಾಗ ಇನ್ನೂ ಅತಿಥಿ ಉಪನ್ಯಾಸಕಿ. ಪ್ರತಿವರ್ಷ ಕಾಲೇಜು ತೆರೆಯುವಾಗ ಈ ಸಲ ಕರೆಯುತ್ತಾರೋ ಇಲ್ಲವೋ ಎಂದು ಎದೆಯಲ್ಲಿ ಅವಲಕ್ಕಿ ಕುಟ್ಟುವ ಕೆಲಸ ಅದು. ಅತಿಥಿ ಅನ್ನುವ ಮಾತನ್ನು ನಮ್ಮ ಸರ್ಕಾರ ಎಷ್ಟು ಸರಿಯಾಗಿ ಅರ್ಥಮಾಡಿಕೊಂಡಿದೆ ನೋಡಿ. ಬಂದವರು ಯಾವತ್ತಾದರೂ ಎದ್ದು ಹೋಗಲೇಬೇಕು. ಹೋಗದೆ ಉಳಿಯಬೇಕಾದರೆ ಡಾಕ್ಟರೇಟ್ ಬೇಕಿತ್ತು. ಅದಕ್ಕೆಂದು ಅವಳು ಹಿಡಿದದ್ದು ಹೊಂಗೆ ಮರದ ಪರಾವಲಂಬಿ ಕಡಜಗಳನ್ನು.

ಅದೇನೆಂದು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹೊಂಗೆ ಮೊಗ್ಗು ಬಿಡುವಾಗ ಸೊಳ್ಳೆಯಂಥ ಒಂದು ನೊಣ ಬಂದು ಮೊಗ್ಗಿನೊಳಗೆ ಮೊಟ್ಟೆಯಿಡುತ್ತದೆ. ಆ ಮೊಗ್ಗು ಅರಳುವುದಿಲ್ಲ. ನೆನೆಹಾಕಿದ ಕಡಲೆಯಂತೆ ಊದಿಕೊಂಡು ಹಾಗೇ ಕೂತಿರುತ್ತದೆ. ಒಳಗೆ ಮರಿಹುಳ ಬೆಚ್ಚಗೆ ಬೆಳೆಯುತ್ತಿರುತ್ತದೆ. ಅಷ್ಟರಲ್ಲಿ ಅದಕ್ಕಿಂತ ಸಣ್ಣ ಕಡಜವೊಂದು ಬಂದು, ಹೊರಗಿನಿಂದಲೇ ಸೂಜಿ ಚುಚ್ಚಿದ ಹಾಗೆ ಚುಚ್ಚಿ, ಆ ಮರಿಹುಳದ ಮೈಗೇ ತನ್ನ ಮೊಟ್ಟೆ ಸೇರಿಸುತ್ತದೆ. ಕೊನೆಗೆ ಮೊಗ್ಗಿನಿಂದ ಹೊರಬರುವುದು ನೊಣವಲ್ಲ, ಕಡಜ. ಕಡಜ ಎಂದೊಡನೆ ಸೂರಿನಡಿ ಗೂಡು ಕಟ್ಟಿ ಮುಖ ಊದಿಸುವ ಹಳದಿ ಹುಳವನ್ನು ನೆನೆಸಿಕೊಳ್ಳಬೇಡಿ. ಒಂದು ಸಾಸಿವೆ ಕಾಳನ್ನು ನಾಲ್ಕು ಹೋಳು ಮಾಡಿದರೆ ಅದರಲ್ಲೊಂದು ಹೋಳಿಗೆ ರೆಕ್ಕೆ ಬಂದಂತೆ, ಅಷ್ಟೇ.

"ಕಚ್ಚುತ್ತೇನೇ?" ಎಂದು ಅತ್ತೆ ಮೊದಲ ದಿನವೇ ಕೇಳಿದ್ದರು.

"ನಿನ್ನನ್ನ ಕಚ್ಚೋಕೆ ಅದಕ್ಕೆ ಏಣಿ ಬೇಕಮ್ಮ" ಎಂದಿದ್ದಳು ಗಿರಿಜ.

ಬಾಡಿಗೆ ಮನೆಯಲ್ಲಿ ಜಾಗವಿಲ್ಲವೆಂದು ಅವಳು ಸೀಸೆಗಳನ್ನೆಲ್ಲ ನಂಜನಗೂಡಿನ ನಮ್ಮ ಮನೆಗೆ ತಂದು, ಕಿಟಕಿಯಿದ್ದ ಚಿಕ್ಕ ಕೋಣೆಯಲ್ಲಿ ಜೋಡಿಸಿದ್ದಳು. ತಾನೂ ಮೊಗ್ಗಿನ ಕಾಲ ಮುಗಿಯುವವರೆಗೆ ಇಲ್ಲೇ ಇದ್ದು, ಬೆಳಿಗ್ಗೆ ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದು ಕಾಲೇಜಿಗೆ ಹೋಗಿಬರುತ್ತಿದ್ದಳು. ಸೀಸೆಯೊಳಗೆ ಊದಿದ ಮೊಗ್ಗು, ಬಾಯಿಗೆ ಬಟ್ಟೆ. ಮೊದಮೊದಲು ಬದನವಾಳಿನಿಂದ ತಂದ ಖಾದಿಯ ತುಂಡು ಕಟ್ಟಿದ್ದಳು. ಕೈನೂಲಿನ ಎಳೆಗಳ ನಡುವೆ ಹುಳುಗಳು ರಥಬೀದಿಯಲ್ಲಿ ನಡೆದಂತೆ ನಡೆದು ಹೊರಟುಹೋದವು. ಆಮೇಲೆ ನಮ್ಮ ಮಾವನವರ ಒತ್ತು ನೇಯ್ಗೆಯ ಮಲ್ ಪಂಚೆ ಹರಿದು ಕಟ್ಟಿದೆವು. ಹೊರಗೆ ಬಂದವುಗಳನ್ನು ಸ್ಪಿರಿಟ್ಟಿಗೆ ಹಾಕುವುದು, ತ್ರಿಕೋನವಾಗಿ ಕತ್ತರಿಸಿದ ರಟ್ಟಿನ ತುದಿಗೆ ಒಂದೊಂದನ್ನೇ ಅಂಟಿಸುವುದು, ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯುವುದು. ನಾನು ಸಾರಿಗೆ ಒಗ್ಗರಣೆ ಹಾಕಿದರೂ ಮನೆಯಲ್ಲಿ ಸ್ಪಿರಿಟ್ ವಾಸನೆಯೇ ಮೇಲಾಗಿರುತ್ತಿತ್ತು.

ಮೊಗ್ಗು ಬರುತ್ತಿದ್ದದ್ದು ಹುಲ್ಲಹಳ್ಳಿಯ ಹತ್ತಿರ ನಾಲೆ ಏರಿಯ ಒಂದೇ ಒಂದು ಮರದಿಂದ. ಬೇರೆ ಮರಗಳಲ್ಲೂ ಮೊಗ್ಗು ಊದಿದ್ದವು. ಈ ಹುಳ ಮಾತ್ರ ಅಲ್ಲಿರಲಿಲ್ಲ. ಮರದ ಪಕ್ಕದ ಗದ್ದೆ ಚಿಕ್ಕಣ್ಣನದು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ನಾದಿನಿ ಕೊಂಬೆ ಬಗ್ಗಿಸಿ ಮೊಗ್ಗು ಬಿಡಿಸುವುದನ್ನು ಅವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ.

"ಅಲ್ಲ ಕಣವ್ವಾ, ಉಳ ಇಡಿಯಾಕೆ ಬಸ್ ಅತ್ಕಂಡು ಬತ್ತೀರಲ್ಲ! ನಮ್ಮ ಬದ್ನೆ ಗಿಡಕ್ಕೆ ಬನ್ನಿ, ಗಾಡಿ ತುಂಬ್ಸಿ ಕಳಿಸ್ತೀನಿ."

"ಬದನೆ ಹುಳಕ್ಕೆ ಆಗಲೇ ಹೆಸರಿಟ್ಟಾಗಿದೆ ಚಿಕ್ಕಣ್ಣ. ಇದಕ್ಕೆ ಇನ್ನೂ ಹೆಸರಿಲ್ಲ."

"ಎಸ್ರಿಲ್ದೆ ಇಷ್ಟ್ ದಿನ ಬದ್ಕಿಲ್ವಾ ಅದು? ಈಗ ಎಸ್ರಿಟ್ರೆ ರೇಷನ್ ಕೊಟ್ಟಾರಾ?"

ಗಿರಿಜ ನಕ್ಕಳು. ಆದರೆ ಅವಳ ತೊಡಕೂ ಅಲ್ಲೇ ಇತ್ತು. ಇದು ಹೊಸ ಜಾತಿಯೆಂದು ಅವಳಿಗೆ ಖಾತ್ರಿ. ಅವಳ ಗೈಡಿಗೆ ಇಲ್ಲ. ಸಿಕ್ಕಿದ್ದೆಲ್ಲ ಹೆಣ್ಣೇ. ಹೆಣ್ಣು ನೋಡಿದರೆ ಹಿಂದೆ ಯಾರೋ ಬಣ್ಣಿಸಿಟ್ಟ ಇನ್ನೊಂದು ಕಡಜದ ಹಾಗೇ ಇದೆ. ಗಂಡಿನ ಕುಡಿಮೀಸೆ, ಅಂದರೆ ತಲೆಯ ಮೇಲಿನ ಆ ಎರಡು ಎಳೆ, ಹೇಗಿದೆಯೆಂದು ಕಂಡರೆ ಮಾತ್ರ ಇದು ಬೇರೆಯೋ ಅದೋ ಎಂದು ಹೇಳಬಹುದಂತೆ. "ಗಂಡು ತೋರಿಸು, ಆಮೇಲೆ ಹೊಸತು ಅನ್ನು" ಎಂದುಬಿಟ್ಟಿದ್ದರು ಗೈಡು. ಶ್ರಾವಣದೊಳಗೆ ಪ್ರಬಂಧ ಕೊಡದಿದ್ದರೆ ಅವಳ ನೋಂದಣಿಯೇ ರದ್ದಾಗುತ್ತಿತ್ತು. ಆಗಲೇ ಒಂದು ಸಲ ಅವಧಿ ಮುಂದೂಡಿಸಿಕೊಂಡಿದ್ದಳು. ಮತ್ತೊಂದು ಸಲ ಕೊಡುವುದಿಲ್ಲವಂತೆ.

ಈ ಹುಳುಗಳಲ್ಲಿ ಗಂಡು ಹುಟ್ಟುವ ಕ್ರಮವೇ ವಿಚಿತ್ರ. ಹೆಣ್ಣು ಗಂಡನ್ನು ಕೂಡದೆ ಇಟ್ಟ ಮೊಟ್ಟೆಯಿಂದ ಗಂಡು, ಕೂಡಿ ಇಟ್ಟದ್ದರಿಂದ ಹೆಣ್ಣು. ಇದನ್ನು ಗಿರಿಜ ಊಟಕ್ಕೆ ಕೂತಾಗ ಹೇಳಿದಳು. ಅತ್ತೆ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದರು.

"ಹಂಗಾದ್ರೆ ಗಂಡಿಗೆ ಅಪ್ಪನೇ ಇಲ್ಲ?"

"ಇಲ್ಲ."

"ತಾತ?"

"ತಾತ ಇರ್ತಾನೆ. ಅಮ್ಮನ ಅಪ್ಪ."

"ಪಾಪ," ಎಂದರು ಅತ್ತೆ. "ಅಪ್ಪ ಇಲ್ಲದ ಮಗು. ಅದನ್ನೂ ನೀನು ಸ್ಪಿರಿಟ್ಟಲ್ಲಿ ಮುಳುಗಿಸ್ತೀಯ."

ನಾನು ನಕ್ಕೆ. ಅವರು ನಗಲಿಲ್ಲ ಎಂಬುದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ಜ್ಯೇಷ್ಠ ಮುಗಿಯುತ್ತ ಬಂದಿತ್ತು. ಗದ್ದೆಗೆ ಸೊಪ್ಪು ತುಳಿಯುವ ಕಾಲ. ಚಿಕ್ಕಣ್ಣ ಪ್ರತಿವರ್ಷದಂತೆ ಹೊಂಗೆಯ ಕೊಂಬೆಗಳನ್ನೆಲ್ಲ ಸವರಿ ಗದ್ದೆಗೆ ಹಾಕಿದ್ದ. ಗಿರಿಜ ಹೋಗಿ ನೋಡಿದಾಗ ಮರ ಮುಡಿ ಕೊಟ್ಟವರಂತೆ ನಿಂತಿತ್ತಂತೆ. "ಬೇಜಾರ್ ಮಾಡ್ಕಬ್ಯಾಡಿ ಕಣವ್ವಾ, ಮರ ಎಲ್ಗೂ ಓಗಲ್ಲ, ಮುಂದ್ಲೊರ್ಸ ಚಿಗುರ್ತದೆ" ಎಂದು ಅವನೇ ಸಮಾಧಾನ ಹೇಳಿದನಂತೆ. ಮರಕ್ಕೆ ಮುಂದಿನ ವರ್ಷವಿತ್ತು, ಅವಳಿಗಿರಲಿಲ್ಲ. ಸವರುವುದಕ್ಕೆ ಸ್ವಲ್ಪ ಮುಂಚೆ ತಂದಿಟ್ಟ ಮೊಗ್ಗುಗಳೇ ಕೊನೆಯವು.

ಆ ಕೊನೆಯ ಸೀಸೆಯಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಗಂಡು ಕಾಣಿಸಿತು.

ಗಿರಿಜ ಸೀಸೆಗೆ ಕಣ್ಣು ಹಚ್ಚಿ ಕೂಗಿದ ಕೂಗಿಗೆ ನಾನು ಉಕ್ಕುತ್ತಿದ್ದ ಹಾಲು ಬಿಟ್ಟು ಓಡಿದೆ. ಭೂತಗನ್ನಡಿ ನನ್ನ ಕೈಗೆ ಕೊಟ್ಟಳು. ಹೆಣ್ಣುಗಳ ನಡುವೆ ಒಂದು ಮಾತ್ರ ಸಪೂರ. ಅದರ ಕುಡಿಮೀಸೆ ಬೇರೆ ಥರ. ಸಣ್ಣ ಮಣಿ ಪೋಣಿಸಿ, ಮಣಿಮಣಿಗೂ ಕೂದಲಿನ ಕುಚ್ಚು ಕಟ್ಟಿದ ಹಾಗೆ. ನನಗೆ ಅದೊಂದು ಜಡೆಕುಚ್ಚಿನಂತೆ ಕಂಡಿತು. ಹಾಗೆಂದಾಗ ಅವಳು ನನ್ನನ್ನು ತಬ್ಬಿಕೊಂಡಳು.

"ಈಗಲೇ ಸ್ಪಿರಿಟ್ಟಿಗೆ ಹಾಕಿಬಿಡು" ಎಂದೆ.

"ಇಲ್ಲ ಅತ್ತಿಗೆ, ಈಗ ತಾನೇ ಹೊರಗೆ ಬಂದಿದೆ. ಮೈ ಇನ್ನೂ ಮೆತ್ತಗಿರುತ್ತೆ, ಬಣ್ಣ ಕೂತಿರಲ್ಲ. ಈಗ ಹಾಕಿದರೆ ಮುದುಡಿ ಹೋಗುತ್ತೆ. ಪರೀಕ್ಷೆ ಡ್ಯೂಟಿ ಮುಗಿಸಿ ಸಂಜೆ ಬಂದು ಹಾಕ್ತೀನಿ. ಮುಟ್ಟಬೇಡಿ ಅಷ್ಟೇ."

ಮುಟ್ಟಬೇಡಿ ಎಂದದ್ದು ನನಗೆ. ಸಂಜೆ ಬಂದು ಹಾಕ್ತೀನಿ ಎಂದದ್ದು, ದೇವರ ಮನೆಯಲ್ಲಿ ಬಿಲ್ವಪತ್ರೆ ಆರಿಸುತ್ತಿದ್ದ ಅತ್ತೆಗೂ ಕೇಳಿಸಿತ್ತು.

ಸೋಮವಾರವೆಂದರೆ ನಂಜನಗೂಡಿನಲ್ಲಿ ನಿಮಗೆ ಗೊತ್ತೇ ಇದೆ. ಅತ್ತೆ ಕಪಿಲೆಯಲ್ಲಿ ಮಿಂದು, ನಂಜುಂಡಪ್ಪನ ದರ್ಶನ ಮಾಡಿ, ಒಪ್ಪೊತ್ತು ಊಟ ಮಾಡುವವರು. ಅವತ್ತು ಮನೆಯಲ್ಲಿ ಇರುವೆ ಸಾಲಿನ ಮೇಲೂ ನೀರು ಸುರಿಯುವ ಹಾಗಿಲ್ಲ. ಮಧ್ಯಾಹ್ನ ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅವರು ಚಿಕ್ಕ ಕೋಣೆಗೆ ಹೋಗಿ, ಸೀಸೆಯ ಬಟ್ಟೆ ಬಿಚ್ಚಿ, ಕಿಟಕಿಯ ಕಡೆ ಬಾಯಿ ಮಾಡಿ, ಎಲ್ಲವನ್ನೂ ಬಿಟ್ಟುಬಿಟ್ಟರು. ಬಟ್ಟೆಯನ್ನು ಮಡಿಸಿ ಪಕ್ಕದಲ್ಲಿಟ್ಟರು. ಅಚ್ಚುಕಟ್ಟಿನವರು.

ನನಗೆ ಇದೊಂದೂ ಗೊತ್ತಿಲ್ಲ. ಸಂಜೆ ದೀಪ ಹಚ್ಚಿ ಕೈಮುಗಿಯುವಷ್ಟರಲ್ಲಿ ಆಷಾಢ ಮುಂಚಿತವಾಗಿಯೇ ಬಂದಂತೆ ಗಾಳಿ ಎದ್ದಿತು. ಬೀದಿಯ ಧೂಳೆಲ್ಲ ಮನೆಯೊಳಗೆ. ಕರೆಂಟೂ ಹೋಯಿತು. ಧೂಳು ಕಂಡರೆ ನನಗೆ ಕೈ ನಿಲ್ಲುವುದಿಲ್ಲ, ಇದೊಂದು ಜಾಡ್ಯ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯ ಗುಣ ಎಂದು ಹೊಗಳಿದರು; ಈಗ ಯಾರೂ ಹೊಗಳುವುದಿಲ್ಲ, ಜಾಡ್ಯ ಉಳಿದುಕೊಂಡಿದೆ. ಮನೆಯೆಲ್ಲ ಗುಡಿಸಿದೆ. ಚಿಕ್ಕ ಕೋಣೆಯ ಕಿಟಕಿಯ ಕಟ್ಟೆಯನ್ನೂ ಪೊರಕೆಯಿಂದ ಚೊಕ್ಕಟ ಮಾಡಿದೆ. ಗುಡಿಸಿದ್ದನ್ನೆಲ್ಲ ನಡುಮನೆಯ ಬಾಗಿಲ ಮೂಲೆಗೆ ತಳ್ಳಿ ಕೈ ತೊಳೆದುಕೊಂಡೆ.

ಸುತ್ತೂರಿನ ಹತ್ತಿರ ರಸ್ತೆಗೆ ಕೊಂಬೆ ಬಿದ್ದು ಬಸ್ಸು ತಡವಾಗಿತ್ತು. ಗಿರಿಜ ಚಪ್ಪಲಿ ಬಿಟ್ಟವಳೇ ಟಾರ್ಚು ಹಿಡಿದು ಕೋಣೆಗೆ ಹೋದಳು. ಆಮೇಲೆ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಮಡಿಸಿದ ಬಟ್ಟೆ.

"ಇದನ್ನ ಯಾರು ಬಿಚ್ಚಿದ್ದು?"

"ನಾನೇ ಕಣೇ," ಎಂದರು ಅತ್ತೆ, ಹಣ್ಣು ಹಂಚಿದೆ ಎನ್ನುವಷ್ಟು ಸಲೀಸಾಗಿ. "ಸೋಮವಾರ. ಬಿಟ್ಟುಬಿಟ್ಟೆ. ನಾಳೆ ಬೇರೆ ತಂದ್ಕೋ."

ಗಿರಿಜ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಗೋಡೆಗೆ ಒರಗಿ ಹಾಗೇ ಜಾರಿ ಕೂತಳು. "ಬೇರೆ ಇಲ್ಲಮ್ಮ. ಮರ ಸವರಿ ಹಾಕಿದಾರೆ. ಅದೊಂದೇ ಇದ್ದದ್ದು" ಎಂದಳು. "ಹೋಯ್ತು ಬಿಡು. ನನ್ನ ಹಣೇಲಿ ಬರೆದಿಲ್ಲ."

ಅತ್ತೆಯ ಮುಖ ದೀಪದ ಬೆಳಕಲ್ಲಿ ಹೇಗೆ ಇಳಿಯಿತೆಂದು ನಾನು ಕಂಡೆ. ಮಗಳ ಇಷ್ಟು ವರ್ಷದ ಓಡಾಟ ಆ ಬಟ್ಟೆಯ ಗಂಟಿನಲ್ಲಿತ್ತು ಎಂದು ಅವರಿಗೆ ಆಗಲೇ ಹೊಳೆದದ್ದು. ಮೆಲ್ಲಗೆ, "ಎಲ್ಲಿಗೆ ಹೋಗಿರ್ತಾವೆ ಅವು?" ಎಂದು ಕೇಳಿದರು.

"ಬೆಳಕಿನ ಕಡೆಗೇ ಹೋಗೋದು. ಕಿಟಕಿಗೆ." ಅಷ್ಟು ಹೇಳಿದವಳೇ ಗಿರಿಜ ತಟ್ಟನೆ ತಲೆಯೆತ್ತಿದಳು. "ಅಮ್ಮ, ಕಿಟಕಿ ತೆಗೆದಿತ್ತಾ?"

ತೆಗೆದಿರಲಿಲ್ಲ. ಗಾಳಿಯ ಸೂಚನೆ ಕಂಡು, ಬಟ್ಟೆ ಒಗೆಯಲು ಹೋಗುವ ಮೊದಲೇ ನಾನು ಮುಚ್ಚಿದ್ದೆ. ಅತ್ತೆಗೆ ಗಾಜು ಕಂಡಿರಲಿಲ್ಲ, ಆಚೆಯ ಬೆಳಕು ಮಾತ್ರ ಕಂಡಿತ್ತು. ಹಾಗಾದರೆ ಹುಳುಗಳು ಗಾಜಿಗೆ ಬಡಿದುಕೊಂಡು, ಬಿಸಿಲಿಗೆ ಬತ್ತಿ, ಕಟ್ಟೆಯ ಮೇಲೇ ಬಿದ್ದಿರಬೇಕು. ಗಿರಿಜ ಓಡಿ ಹೋಗಿ ಟಾರ್ಚು ಬಿಟ್ಟಳು. ಕಟ್ಟೆ ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಇಬ್ಬರೂ ನನ್ನ ಕಡೆ ತಿರುಗಿದರು.

"ಗುಡಿಸಿದ್ರಾ ಅತ್ತಿಗೆ?"

ಹೂಂ ಎಂದೆ. ಗಿರಿಜ ಕಣ್ಣು ಮುಚ್ಚಿಕೊಂಡಳು.

ಆಗ ಅತ್ತೆಯ ದನಿ ಒಮ್ಮೆಗೇ ಹಳೆಯ ಜೋರಿಗೆ ಬಂತು. "ಗುಡಿಸಿದ್ರೆ ಏನಾಯ್ತೇ? ದೀಪ ಹಚ್ಚಿದ ಮೇಲೆ ಗುಡಿಸಿದಾಳೆ. ನಮ್ಮನೇಲಿ ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕಿದ್ದುಂಟಾ? ಏ ಹುಡುಗಿ, ಹಾಕಿಲ್ಲ ತಾನೆ?"

ಹಾಕಿರಲಿಲ್ಲ. ಮುಸ್ಸಂಜೆಯ ಕಸದ ಜೊತೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ಮದುವೆಯಾದ ವಾರದಲ್ಲೇ ಅತ್ತೆ ಕಲಿಸಿದ್ದರು. ಬೆಳಗಾಗುವ ತನಕ ಅದು ಮೂಲೆಯಲ್ಲೇ ಇರಬೇಕು. ಆ ನಿಯಮವನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹಂಗಿಸಿದ್ದೇನೋ. ಲಕ್ಷ್ಮಿಗೆ ಬೇರೆ ದಾರಿಯೇ ಇಲ್ಲವೇ, ಪೊರಕೆ ಹಿಡಿದೇ ಹೋಗಬೇಕೇ ಎಂದು. ಆದರೆ ಕೈಗೆ ಅಭ್ಯಾಸವಾಗಿತ್ತು. ಬಾಗಿಲ ಮೂಲೆಯಲ್ಲಿ ಕಸ ಹಾಗೇ ಇತ್ತು.

ಟಾರ್ಚಿನ ಬೆಳಕಲ್ಲಿ ಕೆದಕುವುದು ಬೇಡವೆಂದಳು ಗಿರಿಜ. ಮುಟ್ಟಿದರೆ ಕುಡಿಮೀಸೆ ಮುರಿಯುತ್ತದೆ, ಬೆಳಕು ಹರಿಯಲಿ. ಆದರೆ ಅಷ್ಟರಲ್ಲಿ ಇರುವೆ ಹೊತ್ತುಕೊಂಡು ಹೋದರೆ? ಅತ್ತೆ ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದು ಕಸದ ಸುತ್ತ ಗೆರೆ ಎಳೆದರು. ಅದರ ಮೇಲೆ ಬಿದಿರಿನ ಮಂಕರಿ ಬೋರಲು ಹಾಕಿದರು. ಜೀವ ಉಳಿಸಲು ಹೊರಟವರು ಈಗ ಹೆಣ ಕಾಯುವುದಕ್ಕೆ ನಿಂತಿದ್ದರು. ನಮಗಾರಿಗೂ ನಗು ಬರಲಿಲ್ಲ. ಅವತ್ತು ಊಟವೂ ಸೇರಲಿಲ್ಲ.

ಬೆಳಿಗ್ಗೆ ಫ್ಯಾನು ಆರಿಸಿ, ಬಾಗಿಲು ಹಾಕಿ, ನಡುಮನೆಯಲ್ಲಿ ಬಿಳಿಯ ಡ್ರಾಯಿಂಗ್ ಹಾಳೆ ಹಾಸಿ, ಕಸವನ್ನು ಚಿಟಿಕೆ ಚಿಟಿಕೆಯಾಗಿ ಹರಡಿದೆವು. ಮೂವರೂ ಅಕ್ಕಿ ಆರಿಸುವವರಂತೆ ಸುತ್ತ ಕೂತೆವು. ನನಗೆ ಹುಲ್ಲುಕಡ್ಡಿ, ಗಿರಿಜಳ ಕೈಯಲ್ಲಿ ಒದ್ದೆ ಕುಂಚ. ಅತ್ತೆಗೆ ಧೂಳು ಕಂಡರೆ ಸೀನು. ಒಂದು ಸೀನು ಬಂದರೆ ಡಾಕ್ಟರೇಟ್ ಹಾರಿಹೋಗುತ್ತದೆಂದು ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡು, ಡಕಾಯಿತರಂತೆ ಕೂತಿದ್ದರು. ನಮ್ಮ ಮನೆಯ ಕಸದಲ್ಲಿ ಏನೆಲ್ಲ ಇರುತ್ತದೆಂದು ಅವತ್ತೇ ಕಂಡದ್ದು. ವಿಭೂತಿಯ ಪುಡಿ, ಸಾಸಿವೆ, ಒಣಗಿದ ಕರಿಬೇವು, ಮುರಿದ ಹೇರ್‌ಪಿನ್ನು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ತಲೆಯಿಂದ ಉದುರಿದ ಕೂದಲು.

"ಇದು?" ಎನ್ನುತ್ತಿದ್ದೆ.

"ಸೊಳ್ಳೆ ಕಾಲು."

"ಇದು?"

"ಹೆಣ್ಣು. ಇದೂ ಹೆಣ್ಣೇ."

ಹೆಣ್ಣುಗಳೆಲ್ಲ ಒಂದೊಂದಾಗಿ ಸಿಕ್ಕವು. ಹಾಳೆಯ ಮೇಲಿನ ಧೂಳು ಕರಗುತ್ತ ಬಂತು. ಅತ್ತೆ ಬಾಯೊಳಗೇ ನಂಜುಂಡಪ್ಪನನ್ನು ಕರೆಯುತ್ತಿದ್ದರು. ಗಿರಿಜಳ ಮುಖವನ್ನು ನೋಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಇನ್ನೇನು ಮುಗಿಯಿತು ಎಂದು ನಾನು ಬೆನ್ನು ನೆಟ್ಟಗೆ ಮಾಡುವಾಗ ಗಿರಿಜ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಅತ್ತಿಗೆ, ಅಲ್ಲಾಡಬೇಡಿ. ನಿಮ್ಮ ಕೂದಲ ಸಿಕ್ಕಿನೊಳಗೆ ಒಂದಿದೆ."

ಕೂದಲಿನ ಉಂಡೆಯನ್ನು ಹಾಗೇ ಎತ್ತಿಕೊಂಡು ಹೋಗಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ನಾವಿಬ್ಬರೂ ಬಾಗಿಲ ಹೊರಗೆ ನಿಂತೆವು. ಅತ್ತೆಗೆ ತಡೆಯಲಾಗಲಿಲ್ಲ. ಹೆರಿಗೆ ಕೋಣೆಯ ಮುಂದೆ ನಿಂತವರ ದನಿಯಲ್ಲಿ, "ಗಂಡೇನೇ?" ಎಂದು ಕೂಗಿದರು.

"ಗಂಡು ಕಣಮ್ಮ! ಒಂದು ಕುಡಿಮೀಸೆ ಮುರಿದಿದೆ. ಇನ್ನೊಂದು ಪೂರ್ತಿ ಇದೆ. ಒಂದು ಸಾಕು, ಒಂದು ಸಾಕಮ್ಮ!"

ಗಂಡಾಯಿತೆಂದು ನಮ್ಮ ಕಡೆ ಮನೆಗಳಲ್ಲಿ ಸಂಭ್ರಮ ಮಾಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಮನಸಾರೆ ಸೇರಿಕೊಂಡದ್ದು ಅದೊಂದೇ ಸಲ. ಅತ್ತೆ ಸೆರಗು ಬಿಚ್ಚಿ, ಅಷ್ಟು ಹೊತ್ತಿನಿಂದ ಹಿಡಿದಿಟ್ಟಿದ್ದ ಸೀನುಗಳನ್ನೆಲ್ಲ ಒಟ್ಟಿಗೆ ಸೀನಿದರು. ನಡುನಡುವೆ ಅಳುತ್ತಿದ್ದರು, ಯಾವುದು ಸೀನಿನ ನೀರು, ಯಾವುದು ಅಳುವಿನದು ಎಂದು ತಿಳಿಯುವಂತಿರಲಿಲ್ಲ. ಗಿರಿಜ ಬಂದು ಅವರ ಪಕ್ಕ ಕೂತು, ತನ್ನ ದುಪಟ್ಟಾದಿಂದ ಮೂಗು ಒರೆಸಿದಳು.

"ಪಾಪ, ಬಿಟ್ಟೆ ಅಂದ್ಕೊಂಡೆ," ಎಂದರು ಅತ್ತೆ. "ಗಾಜು ಇತ್ತು. ಮುಂದಿನ ಸಲ ಹೊರಗೆ ತಗೊಂಡು ಹೋಗೇ ಬಿಡ್ಬೇಕು."

"ಮುಂದಿನ ಸಲವಾ!" ಎಂದು ಗಿರಿಜ ಹಣೆ ಚಚ್ಚಿಕೊಂಡಳು.

ಗೈಡು ಚಿತ್ರ ನೋಡಿ ಒಪ್ಪಿದರು. ಶ್ರಾವಣದ ಮೊದಲೇ ಪ್ರಬಂಧ ಹೋಯಿತು. ಹೊಸ ಜಾತಿಯ ವಿವರಣೆ ಅಚ್ಚಾಗಿ ಬಂದಾಗ ಅವಳು ಅದನ್ನು ನಮ್ಮಿಬ್ಬರಿಗೆ ಕನ್ನಡದಲ್ಲಿ ಹೇಳಿದಳು. ತಲೆಯ ಅಗಲಕ್ಕಿಂತ ಎತ್ತರ ಕಡಿಮೆ, ಕಾಲು ಜೇನಿನ ಬಣ್ಣ, ರೆಕ್ಕೆಯ ಅಂಚಿನಲ್ಲಿ ಕೂದಲ ಸಾಲು. ಹತ್ತಿರದ ಜಾತಿಗಿಂತ ಇದು ಎಲ್ಲೆಲ್ಲಿ ಬೇರೆ ಎಂದು ಒಂದೊಂದಾಗಿ. 'ಗಂಡು: ಬಲ ಕುಡಿಮೀಸೆ ಮುರಿದಿದೆ' ಎಂದೂ ಬರೆದಿದ್ದಳು. ಬಣ್ಣಿಸುವುದೆಂದರೆ ಹೀಗೆ, ಹೊಗಳಿಕೆಯೂ ಇಲ್ಲದೆ, ತೆಗಳಿಕೆಯೂ ಇಲ್ಲದೆ, ಮುರಿದದ್ದನ್ನು ಮುರಿದಿದೆ ಎಂದೇ ಹೇಳಿ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದೂ ನಾನು ಅತ್ತೆಯನ್ನು ಹೀಗೆ ನೋಡಿರಲಿಲ್ಲ ಅನ್ನಿಸಿತು. ನಾನು ನೋಡಿದ್ದೆಲ್ಲ ದೂರು ಹೇಳುವುದಕ್ಕೆ ಬೇಕಾದಷ್ಟೇ.

ಹುಳಕ್ಕೆ ಅವಳಿಟ್ಟ ವೈಜ್ಞಾನಿಕ ಹೆಸರಿನ ಎರಡನೆಯ ಪದ ನಮ್ಮ ಹೊಳೆ ಕಪಿಲೆಯದು. ಅತ್ತೆಗೆ ಅಸಮಾಧಾನ. "ನಂಜುಂಡಪ್ಪನ ಹೆಸರಿಡಬಾರದಿತ್ತೇನೇ?"

"ಇನ್ನೊಂದು ಹುಳಾನ ಜೀವಂತ ತಿನ್ನೋ ಹುಳ ಅಮ್ಮ ಅದು. ದೇವರ ಹೆಸರು ಹೇಗಿಡೋದು?"

"ವಿಷ ಕುಡಿದು ದಕ್ಕಿಸ್ಕೊಂಡೋನಿಗೆ ಇದೇನು ಮಹಾ!" ಎಂದರು ಅತ್ತೆ.

ಗಿರಿಜ ಈಗ ಆ ಕಾಲೇಜಿನಲ್ಲಿ ಅತಿಥಿಯಲ್ಲ.

ಇವತ್ತು ದೋಸೆ ತಿಂದು ಮನೆಗೆ ಬರುವಾಗ ಹನ್ನೊಂದಾಗಿತ್ತು. ಹೊಸಿಲು ದಾಟುವಷ್ಟರಲ್ಲಿ ನರಸೀಪುರದಿಂದ ಅವಳ ಫೋನು. ಈ ಸಲ ಸಂಗಮದ ಹತ್ತಿರದ ಹೊಂಗೆಗಳಲ್ಲೂ ಮೊಗ್ಗು ಊದಿವೆಯಂತೆ, ಇನ್ನೊಂದು ಬೇರೆ ಕಡಜವಿರುವ ಹಾಗೆ ಕಾಣುತ್ತದಂತೆ, ಶನಿವಾರ ಸೀಸೆ ತರಲೇ ಎಂದು ಕೇಳಿದಳು. ನಾನು ಫೋನನ್ನು ಅತ್ತೆಯ ಕಿವಿಗೆ ಹಿಡಿದೆ.

"ತಗೊಂಡು ಬಾ," ಎಂದರು ಅತ್ತೆ. "ಆದರೆ ನಿನ್ನ ಕೊಲೆ ಕೆಲಸ ಭಾನುವಾರವೇ ಮುಗಿಸ್ಕೋ. ಸೋಮವಾರ ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ."

ಅವಳು ನಕ್ಕದ್ದು ನನಗೂ ಕೇಳಿಸಿತು. ಅತ್ತೆ ಫೋನು ನನಗೆ ಕೊಟ್ಟು ಚಿಕ್ಕ ಕೋಣೆಗೆ ಹೋದರು. ಬಿಸಿಲಿಗೆಂದು ಕಿಟಕಿಯ ಹತ್ತಿರ ಇಟ್ಟಿದ್ದ ಉಪ್ಪಿನಕಾಯಿ ಜಾಡಿಗಳನ್ನು ಒಂದೊಂದಾಗಿ ತಬ್ಬಿ ಎತ್ತಿ ಈಚೆಗೆ ಸರಿಸತೊಡಗಿದರು.

"ಏನು ಮಾಡ್ತಿದೀರ ಅತ್ತೆ? ತೋಳಿಗೆ ಈಗ ತಾನೇ ಸೂಜಿ ಚುಚ್ಚಿದಾರೆ."

"ಇದನ್ನ ನೀನು ಹಿಡ್ಕೋ ಬಾ ಮತ್ತೆ," ಎಂದರು. "ಬೆಳಕು ಬೀಳೋ ಜಾಗ ಇದೊಂದೇ. ಅವಳ ಸೀಸೆ ಎಲ್ಲಿಡೋದು?"